ಸ್ವಿಫ್ಟ್ ಕೋಡ್ ಬ್ಯಾಂಕ್ ಹುಡುಕುತ್ತದೆ, ಖಾತೆಯನ್ನಲ್ಲ

ವಿದೇಶಕ್ಕೆ ಹಣ ಕಳಿಸುವ ಫಾರಂನಲ್ಲಿ ಬಿಐಸಿ (ಬ್ಯಾಂಕನ್ನು ಗುರುತಿಸುವ ಕೋಡ್) ಕೇಳುತ್ತಿದ್ದಾರೆ, ಹಣ ಪಡೆಯುವವರು ಸ್ವಿಫ್ಟ್ ಕೋಡ್ ಕೊಟ್ಟಿದ್ದಾರೆ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಜೊತೆಗೆ ಅವರ ಶಾಖೆಗೆ ಕೋಡೇ ಇಲ್ಲ, ಏನು ಮಾಡಲಿ, ಕಳಿಸಿದ್ದು ಪೂರ್ತಿ ಸೇರುತ್ತದಾ ಅಂತಲೂ.

ಎರಡೂ ಒಂದೇ. ತಲೆ ಕೆಡಿಸಿಕೊಳ್ಳಬೇಡಿ. ಬ್ಯಾಂಕ್‌ಗಳ ನಡುವೆ ಸಂದೇಶ ಸಾಗಿಸುವ ಬೆಲ್ಜಿಯಂನ ಸ್ವಿಫ್ಟ್ ಸಂಸ್ಥೆ ಬಿಐಸಿ ಕೊಡುವುದರಿಂದ ಜನ ಅದನ್ನು ಸ್ವಿಫ್ಟ್ ಕೋಡ್ ಅಂತಲೂ ಕರೆಯುತ್ತಾರೆ, ಅಷ್ಟೇ.

ಆದರೆ ಈ ಕೋಡನ್ನು ಓದುವುದು ಮಾತ್ರ ಕಲಿತುಬಿಡಿ. ಜರ್ಮನಿಯ ಡಾಯ್ಚ ಬ್ಯಾಂಕಿನ ಫ್ರಾಂಕ್‌ಫರ್ಟ್ ಕೋಡ್ ನೋಡಿ: ಡಿಇಯುಟಿ ಡಿಇ ಎಫ್‌ಎಫ್ (DEUTDEFF). ಮೊದಲ 4 ಅಕ್ಷರ ಬ್ಯಾಂಕ್, ಮುಂದಿನ 2 ದೇಶ, ಆಮೇಲಿನ 2 ಊರು. ಒಟ್ಟು 8. ಶಾಖೆಯ 3 ಅಕ್ಷರ ಸೇರಿದರೆ 11. ಮುಖ್ಯ ಕಚೇರಿಯಾದರೆ ಆ ಜಾಗದಲ್ಲಿ ಮೂರು ಎಕ್ಸ್ ಇರುತ್ತದೆ. ಹಾಗಾಗಿ ನಿಮ್ಮ ಕೈಲಿ 8 ಅಕ್ಷರ ಇದ್ದು ಫಾರಂ 11 ಕೇಳಿದರೆ ಕೊನೆಗೆ ಮೂರು ಎಕ್ಸ್ ಹಾಕಿ.

5 ಮತ್ತು 6ನೇ ಅಕ್ಷರವನ್ನು ಪ್ರತಿ ಸಲ ನೋಡಿ. ಹಣ ಹೋಗಬೇಕಾದ ದೇಶ ಅಲ್ಲಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಭಾರತದ ಐಎಫ್‌ಎಸ್‌ಸಿಯಲ್ಲೂ 11 ಅಕ್ಷರ, ಅದನ್ನೇ ಬಿಐಸಿ ಅಂತ ಕಳಿಸುವವರೂ ಇದ್ದಾರೆ. ಗುರುತು ಸುಲಭ: ಐಎಫ್‌ಎಸ್‌ಸಿಯ 5ನೆಯದು ಯಾವಾಗಲೂ ಸೊನ್ನೆ, ಬಿಐಸಿಯಲ್ಲಿ ಅಲ್ಲಿ ಅಕ್ಷರವೇ ಇರಬೇಕು.

ಎಷ್ಟೋ ಶಾಖೆಗಳಿಗೆ ಸ್ವಂತ ಬಿಐಸಿ ಇರುವುದಿಲ್ಲ. ಆಗ ಬ್ಯಾಂಕಿನ ಮುಖ್ಯ ಕಚೇರಿಯದ್ದೋ, ವಿದೇಶಿ ವಹಿವಾಟು ನೋಡುವ ಶಾಖೆಯದ್ದೋ ಸಾಕಾಗುತ್ತದೆ. ಅಲ್ಲಿಂದ ಮುಂದೆ ಖಾತೆಗೆ ದಾರಿ ತೋರಿಸುವುದು ಖಾತೆ ಸಂಖ್ಯೆ. ಯಾವ ಕೋಡ್ ಅನ್ನುವುದನ್ನು ಮಾತ್ರ ಹಣ ಪಡೆಯುವವರೇ ತಮ್ಮ ಬ್ಯಾಂಕಿನಲ್ಲಿ ಕೇಳಿ ಬರವಣಿಗೆಯಲ್ಲಿ ಕಳಿಸಲಿ. ಸುಮ್ನೆ ಇಂಟರ್‌ನೆಟ್‌ನಲ್ಲಿ ಸಿಕ್ಕ ಪಟ್ಟಿಯಿಂದ ಎತ್ತಿಕೊಳ್ಳಬೇಡಿ. ಬ್ಯಾಂಕ್‌ಗಳು ವಿಲೀನವಾದ ಮೇಲೂ ಹಳೆಯ ಕೋಡ್‌ಗಳು ಅಂಥ ಪಟ್ಟಿಗಳಲ್ಲಿ ಹಾಗೇ ಉಳಿದಿರುತ್ತವೆ.

ಐಬ್ಯಾನ್ ಬೇರೆ, ಅದು ಖಾತೆಯದ್ದೇ ಸಂಖ್ಯೆ. ಜರ್ಮನಿಯದ್ದು 22 ಅಕ್ಷರ, ಯುಎಇದು 23. ಅದರೊಳಗೆ ತಪಾಸಣೆಗೆಂದೇ 2 ಅಂಕಿ ಇರುವುದರಿಂದ ಒಂದಂಕಿ ತಪ್ಪಿದರೂ ವ್ಯವಸ್ಥೆಯೇ ಹಿಡಿಯುತ್ತದೆ. ಬಿಐಸಿಗೆ ಆ ಕಾವಲು ಇಲ್ಲ. ಅಮೆರಿಕ, ಭಾರತದಲ್ಲಿ ಐಬ್ಯಾನ್ ಬಳಕೆಯಲ್ಲೇ ಇಲ್ಲ, ಆ ಜಾಗ ಖಾಲಿ ಬಿಡಿ. ಇನ್ನು ಯೂರೋಪಿನ ಸೆಪಾ (ಯೂರೋ ಪಾವತಿಗೆ ಒಂದೇ ವ್ಯವಸ್ಥೆ) ದೇಶಗಳೊಳಗೆ ಯೂರೋ ಕಳಿಸುವುದಾದರೆ ಸಾಮಾನ್ಯವಾಗಿ ಐಬ್ಯಾನ್ ಒಂದೇ ಸಾಕು.

ಪೂರ್ತಿ ಸೇರುತ್ತದಾ? ಸೇರಬೇಕೆಂದೇನೂ ಇಲ್ಲ. ನಿಮ್ಮ ಬ್ಯಾಂಕಿಗೂ ಅವರ ಬ್ಯಾಂಕಿಗೂ ನೇರ ಖಾತೆ ಸಂಬಂಧ ಇಲ್ಲದಿದ್ದರೆ ಹಣ ಮಧ್ಯದ ಬ್ಯಾಂಕ್ ಮೂಲಕ ಹೋಗುತ್ತದೆ, ಅದೂ ತನ್ನ ಪಾಲು ಮುರಿದುಕೊಳ್ಳಬಹುದು. ಫಾರಂನಲ್ಲಿ ಶುಲ್ಕ ಯಾರದ್ದು ಅನ್ನುವುದಕ್ಕೆ ಅವರ್ (OUR), ಶಾ (SHA), ಬೆನ್ (BEN) ಅಂತ ಮೂರು ಆಯ್ಕೆ ಇರುತ್ತವೆ. ಅವರ್ ಅಂದರೆ ಎಲ್ಲ ಶುಲ್ಕ ನಿಮ್ಮದು, ಬೆನ್ ಅಂದರೆ ಪಡೆಯುವವರದ್ದು, ಶಾ ಅಂದರೆ ಹಂಚಿಕೆ. ಕಾಲೇಜು ಶುಲ್ಕದಂಥ, ಒಂದು ಪೈಸೆ ಕಮ್ಮಿಯಾದರೂ ತಕರಾರು ಬರುವ ಹಣಕ್ಕೆ ಅವರ್ ಆರಿಸಿ. ಮನೆಯವರಿಗೆ ಕಳಿಸುವಾಗ ಶಾ ನಡೆಯುತ್ತದೆ. ನಿಜ ಹೇಳಬೇಕಂದ್ರೆ ಶುಲ್ಕಕ್ಕಿಂತ ವಿನಿಮಯ ದರದಲ್ಲೇ ಬ್ಯಾಂಕ್ ಜಾಸ್ತಿ ಹಿಡಿದುಕೊಳ್ಳಬಹುದು. ಹಾಗಾಗಿ ಕೊನೆಗೆ ಅಲ್ಲಿ ಎಷ್ಟು ಸೇರುತ್ತದೆ ಅನ್ನುವ ಮೊತ್ತವನ್ನೇ ಹೋಲಿಸಿ.

ತಡವಾಯಿತು ಅಂತ ಗಾಬರಿಯಾಗಿ ಇನ್ನೊಂದು ಸಲ ಕಳಿಸಲು ಹೋಗಬೇಡಿ. ನಿಮ್ಮ ಬ್ಯಾಂಕಿನಿಂದ ಯುಇಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಕೇಳಿ ಪಡೆಯಿರಿ. 36 ಅಕ್ಷರದ ಆ ಸಂಖ್ಯೆ ಹಿಡಿದು ಹಣ ಯಾವ ಬ್ಯಾಂಕಿನಲ್ಲಿ ಕೂತಿದೆ ಅಂತ ಪತ್ತೆ ಹಚ್ಚಲು ಅವರನ್ನೇ ಒತ್ತಾಯಿಸಿ.