ಹತ್ತಿಂಚಿನ ಬಾಕ್ಸಿಗೆ ಹದಿನೈದು ಸೇರಿಸ್ಬಹುದಾ?

ಪ್ರಶ್ನೆ: ಗಾನಮೇಳದಲ್ಲಿ ಬಾಸ್ ಗಿಟಾರ್ ನುಡಿಸ್ತೇನೆ. 10 ಇಂಚಿನ ನಾಲ್ಕು ಸ್ಪೀಕರಿನ 8 ಓಮ್ಸ್ (ಕರೆಂಟಿಗೆ ಇರುವ ತಡೆಯ ಲೆಕ್ಕ) ಬಾಕ್ಸ್ ಉಂಟು, ಹೆಡ್ (ಆಂಪ್ಲಿಫೈಯರ್) 4 ಓಮ್ಸಿಗೆ 500 ವ್ಯಾಟ್. ಮಂಗಳೂರಲ್ಲಿ 15 ಇಂಚಿನ ಸಿಂಗಲ್ ಬಾಕ್ಸ್ ಒಂದು ಸೆಕೆಂಡ್ ಹ್ಯಾಂಡ್ ಸಿಗ್ತದೆ, ಅದೂ 8 ಓಮ್ಸ್. ತಕ್ಕೊಂಡ್ರೆ ಬಾಸ್ ಗಟ್ಟಿ ಬರ್ತದಾ?
– ಓದುಗರು, ಬದಿಯಡ್ಕ

ಉತ್ತರ: ಸೇರಿಸ್ಬಹುದು, ಹೆಡ್ಡಿಗೆ ಎಂತ ಆಗುದಿಲ್ಲ. 8 ಓಮ್ಸಿನ ಎರಡು ಸೇರಿದ್ರೆ 4 ಆಯ್ತು, ಸರಿ ಉಂಟು. ಆದ್ರೆ ದುಡ್ಡು ಕೊಟ್ಟು ತರ್ಬೇಕಾ ಅಂದ್ರೆ ಬೇಡ ಮಾರಾಯ್ರೆ.

500 ವ್ಯಾಟ್ ಎರಡೂ ಬಾಕ್ಸಿಗೆ ಸಮ ಹೋಗ್ತದೆ, ಒಂದಕ್ಕೆ 250. ನಿಮ್ಮ ಹಳೇ ಬಾಕ್ಸಲ್ಲಿ ಅದನ್ನು ನಾಲ್ಕು ಜನ ಹೊರ್ತಾರೆ, ತಲೆಗೆ ಬರೀ 62 ಚಿಲ್ರೆ, ಹದಿನೈದರವ ಮಾತ್ರ ಅಷ್ಟೂ ಒಬ್ನೇ ಹೊರ್ಬೇಕು. ಓಪನ್ ಇ, ಅಂದ್ರೆ ನಾಲ್ಕು ತಂತಿಯ ಬಾಸಲ್ಲಿ ದಪ್ಪ ತಂತಿ ಒತ್ತದೆ ಮೀಟಿದ್ದು, 41 ಹರ್ಟ್ಸ್, ಐದು ತಂತಿಯದ್ದಾದ್ರೆ ಬಿ 31, ಪೋರ್ಟ್ (ಬಾಕ್ಸಿನ ಗಾಳಿ ತೂತು) ಟ್ಯೂನ್ ಮಾಡಿದ್ದಕ್ಕಿಂತ ಕೆಳಗಿನ ನೋಟ್ ಬಂದ್ರೆ ಸ್ಪೀಕರಿನ ಆಡುವ ಪರದೆ, ಆ ಕೋನಿಗೆ ಗಾಳಿಯ ಹಿಡಿತವೇ ಇರುದಿಲ್ಲ, ಸುಮ್ಮನೆ ಹಿಂದೆ ಮುಂದೆ ಹಾರ್ತದೆ, ಟಪ್ ಟಪ್ ಅಂತ ಕೇಳಿತಾ, ವಾಲ್ಯೂಮ್ ಇಳಿಸ್ಲೇಬೇಕು. ಹತ್ತಿಂಚಿನವು ಆರಾಮಲ್ಲಿದ್ದು ಎಂತ ಪ್ರಯೋಜನ?

15 ಅಂದ್ರೆ ಬಾಸ್, 10 ಅಂದ್ರೆ ಪಂಚ್ ಅಂತ ಎಲ್ರೂ ಹೇಳುದೇ. ಸೈಜ್ ಒಂದನ್ನೇ ನೋಡಿ ಹೇಳ್ಲಿಕ್ಕಾಗುದಿಲ್ಲ, ಬಾಕ್ಸಿನ ಒಳಗೆ ಜಾಗ ಎಷ್ಟು, ಪೋರ್ಟ್ ಹೇಗುಂಟು, ಕೋನ್ ಎಷ್ಟು ದೂರ ಆಡ್ತದೆ, ಇದೆಲ್ಲ ಲೆಕ್ಕಕ್ಕೆ ಬರ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟಿನ ಹೆಡ್ಡು, ಅದ್ರ ಬಾಕ್ಸಲ್ಲಿ ಇದ್ದದ್ದು 10 ಇಂಚಿನದ್ದೇ ಎಂಟು!

ನಿಮ್ಮದೇ ಮಾಡೆಲಿನ ಇನ್ನೊಂದು ಬಾಕ್ಸ್ ಹುಡುಕಿ, ಒಂದ್ರ ಮೇಲೊಂದು ಇಡಿ. ಹೆಚ್ಚುಕಮ್ಮಿ 6 ಡೆಸಿಬೆಲ್ ಏರ್ತದೆ. ಬರೀ ವ್ಯಾಟ್ ಡಬಲ್ ಮಾಡಿದ್ರೆ ಸಿಗುದು 3.

ಇಲ್ಲ, ಹದಿನೈದೇ ಬೇಕು ಅಂತಾದ್ರೆ ಮೊದ್ಲು ಒಂದಿನಕ್ಕೆ ಕೇಳಿ ತನ್ನಿ. ಎರಡೂ ಬಾಕ್ಸಿಗೆ 9 ವೋಲ್ಟ್ ಬ್ಯಾಟರಿ ಒಂದ್ಸಲ ಮುಟ್ಟಿಸಿ ನೋಡಿ, ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಎರಡ್ರ ಕೋನೂ ಹೊರಗೆ ಬರ್ಬೇಕು. ಒಂದು ಒಳಗೆ ಹೋದ್ರೆ ವೈರ್ ಉಲ್ಟಾ, ಒಂದನ್ನೊಂದು ತಿಂದು ಬಾಸೇ ಮಾಯ. ಅದು ಸರಿ ಇದ್ರೂ ಬೇರೆ ಬೇರೆ ಬಾಕ್ಸಿನ ಫೇಸ್ (ಧ್ವನಿ ಅಲೆಯ ಏರಿಳಿತದ ಹೊತ್ತು) ಎಲ್ಲಾ ನೋಟಿಗೂ ಕೂಡಿ ಬರುದಿಲ್ಲ, ಹಾಗಾಗಿ ಇ ಇಂದ ಒಂದೊಂದೇ ಫ್ರೆಟ್ ಮೇಲೆ ಹೋಗ್ಲಿಕ್ಕೆ ಬೇರೆಯವ್ರಿಗೆ ಹೇಳಿ ನೀವು ದೂರ ನಿಂತು ಕೇಳಿ, ಮೊದ್ಲು ಹಳೇದು ಒಂದೇ, ಮತ್ತೆ ಎರಡೂ. ಯಾವ್ದಾದ್ರೂ ನೋಟ್ ಎರಡು ಸೇರಿದಾಗಲೇ ಸಪ್ಪೆ ಆಯ್ತೋ, ಬಾಕ್ಸ್ ವಾಪಸ್ ಕೊಡಿ.

ಹಿಂದಿನ ಲೇಬಲ್ ಓದದೆ ಮಾತ್ರ ಕನೆಕ್ಟ್ ಮಾಡ್ಬೇಡಿ. ಅದು 4 ಓಮ್ಸಿನದ್ದಾದ್ರೆ ನಿಮ್ಮದ್ರ ಜೊತೆ 2.67ಕ್ಕೆ ಇಳಿತದೆ, ಹೆಡ್ ಸುಟ್ರೂ ಸುಟ್ಟೀತು.