ಪುಸ್ತಕ ಖುಷೀಲೆ ನೋಡ್ತಾಳ, ಪಾಟಿ ಕಂಡ್ರ ಅಳ್ತಾಳ: ಪ್ರತಿಕ್ರಿಯೆ

ಎರಡೂವರೆ ವರ್ಷದ ಮಗಳು ಸಂಡಾಸ ಕಲಸೋ ಚಿತ್ರದ ಪುಸ್ತಕ ಖುಷೀಲೆ ನೋಡ್ತಾಳ, ಆದ್ರ ಪಾಟಿ (ಕೂಸು ಕುಂತು ಉಚ್ಚಿ-ಕಕ್ಕಾ ಮಾಡೋ ಸಣ್ಣ ಪಾತ್ರಿ) ಕಂಡ್ರ ಅಳ್ತಾಳ ಅಂತ ಬರದೀರಿ. ಬಹುತೇಕ ಕಾರಣ ಆ ಪುಸ್ತಕದಾಗನ ಐತಿ. ಅದರ ಚಿತ್ರದಾಗ ಕಮೋಡು, ಟಿಶ್ಯೂ ಸುರುಳಿ. ನೀವು ಬರದಂಗ ಮನ್ಯಾಗಿರೋದು ನೆಲದ ಸಂಡಾಸ, ತಂಬಗಿ, ಪ್ಲಾಸ್ಟಿಕ್ ಪಾಟಿ. ಎರಡೂವರೆ ವರ್ಷದ ಕೂಸಿಗೆ ಎರಡೂ ಒಂದ ಅಂತ ತಿಳಿಯೋದು ಕಷ್ಟ.

ಮೊದಲು ಒಂದು ವಾರ ಪಾಟಿ ಮ್ಯಾಲೆ ಕೂಡ್ಸೋದು ಬಿಡ್ರಿ. ಮೊಬೈಲಿನಾಗ ಆರು ಫೋಟೋ ತಗೀರಿ: ಅಕಿ ಪಾಟಿ, ಚಡ್ಡಿ ಇಳಿಸೋದು, ಗೊಂಬಿ ಪಾಟಿ ಮ್ಯಾಲೆ ಕುಂತದ್ದು, ತಂಬಗಿ ನೀರು, ಪಾಟಿ ಒಳಗಿಂದು ಸಂಡಾಸಕ್ಕ ಸುರಿಯೋದು, ಸಾಬೂನಿಲೆ ಕೈ ತೊಳಿಯೋದು. ಕೂಸಿನ ಬತ್ತಲೆ ಫೋಟೋ ಮಾತ್ರ ಬ್ಯಾಡ, ಅದಕ್ಕ ಗೊಂಬಿ. 4×6 ಇಂಚಿನ ಅಳತಿ ಪ್ರಿಂಟ್ ಹಾಕ್ಸಿ, ಲ್ಯಾಮಿನೇಟ್ ಮಾಡ್ಸಿ, ತೂತು ಹೊಡದು ದಾರ ಕಟ್ರಿ, ನಿಮ್ಮ ಮನೀದ ಪುಸ್ತಕ ಆಗತೈತಿ. ಹಾಳಿಗೊಂದ ಸಾಲು, ಮನ್ಯಾಗ ಆಡೋ ಮಾತಿನಾಗ: "ಉಚ್ಚಿ ಬಂತು, ಅವ್ವಾಗ ಹೇಳು."

ಈ ಪುಸ್ತಕ ಓದೋದು ಊಟ ಆದ ಮ್ಯಾಲೆ, 15–30 ನಿಮಿಷದೊಳಗ. ಹೊಟ್ಟಿ ತುಂಬಿದಾಗ ಕರುಳು ತಾನ ಚುರುಕಾಗತೈತಿ. ಪಾಟಿ ಬಾಜೂಕ ಇರಲಿ. ಕುಂತ್ರ ಮೂರರಿಂದ ಐದು ನಿಮಿಷ ಸಾಕು, ಪಾದ ನೆಲಕ್ಕ ಊರಬೇಕು.

ಧಾರವಾಡದ ಸುಭಾಸ ರೋಡಿನಾಗ ಇನ್ನೊಂದು ಪುಸ್ತಕ ಕೊಳ್ಳಾವ್ರಿದ್ರ ದಪ್ಪ ರಟ್ಟಿನ ಹಾಳೀದು ಆರಿಸ್ರಿ, ಚಡ್ಡಿ ತೊಯ್ಸಿಕೊಂಡ ಹಾಳಿನೂ ಇರಬೇಕು, ಅದರಾಗ ಬೈಗುಳ ಇರಬಾರದು. ಗುಂಡಿ ಒತ್ತಿದ್ರ ಸಪ್ಪಳಾ ಮಾಡೋ ಪುಸ್ತಕ ಬ್ಯಾಡ್ರಿ, ಗುಂಡಿ ಒತ್ತಕೋತ ಬಂದ ಕೆಲಸ ಮರೀತಾರ.

ಎಷ್ಟ ದಿನ ಹಿಡೀತೈತಿ ಅಂತ ಹೇಳಾಕ ಬರಂಗಿಲ್ಲ. ಆದ್ರ ಕಕ್ಕಾ ಗಟ್ಟಿಯಾಗಿ, ನೋವಿಗೆ ಹೆದರಿ ತಡಕೊಳ್ಳಾಕತ್ತಿದ್ರ ಪುಸ್ತಕದ್ದು ತಪ್ಪಲ್ಲ; ಮೊದಲು ಮಕ್ಕಳ ಡಾಕ್ಟರಿಗೆ ತೋರಸ್ರಿ.