‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಬರದ ಹಾಗೆ ಪ್ರಶ್ನೆ ಬರೆಯುವುದು ಹೇಗೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ದೂರು ನಿಲ್ಲುವುದೇ ಇಲ್ಲ. ‘ನಮ್ಮ ಎಂಎಲ್ಎ ಸದನದಲ್ಲಿ ಕೇಳಿದರು, ಸರ್ಕಾರ ಏನೂ ಹೇಳಲಿಲ್ಲ.’ ಹಾಸನದ ಜಿಲ್ಲಾ ಕಚೇರಿಯೊಂದರಲ್ಲಿ ಕೂತು ಇಂಥ ಪ್ರಶ್ನೆಗಳಿಗೆ ಕರಡು ಉತ್ತರ ಬರೆದವಳು ನಾನು. ಕಚೇರಿಯಲ್ಲಿ ಇವನ್ನು ಎಲ್‌ಎಕ್ಯೂ, ಅಂದರೆ ವಿಧಾನಸಭೆ ಪ್ರಶ್ನೆ, ಅನ್ನುತ್ತೇವೆ. ಉತ್ತರ ಯಾಕೆ ಖಾಲಿ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ತಪ್ಪು ಬಹಳ ಸಲ ಪ್ರಶ್ನೆಯಲ್ಲೇ ಇರುತ್ತದೆ. ಅಧಿವೇಶನ ಎಂದರೇನು, ಶಾಸಕರು ಯಾರು ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ.

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಮಲೆನಾಡು ಭಾಗದ ಸಣ್ಣ ಕಾಫಿ ಬೆಳೆಗಾರರು. ಕಾಡಾನೆ ತುಳಿದು ಕಾಫಿ, ಬಾಳೆ, ಭತ್ತ ಎಲ್ಲ ಹೋಗಿದೆ. ಪರಿಹಾರಕ್ಕೆ ಅರ್ಜಿ ಕೊಟ್ಟು ವರ್ಷ ಕಳೆಯಿತು. ಊರವರೆಲ್ಲ ಸೇರಿ ಎಂಟು ಪುಟದ ಮನವಿ ಬರೆದು ಶಾಸಕರಿಗೆ ಕೊಟ್ಟೆವು. ಅವರು ಸದನದಲ್ಲಿ ಪ್ರಶ್ನೆ ಹಾಕಿದರು. ‘ಸರ್ಕಾರದ ಗಮನಕ್ಕೆ ಬಂದಿದೆ. ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ’ ಎಂದು ಉತ್ತರ ಬಂತು. ಅಷ್ಟೇ. ಹೀಗಾದರೆ ಪ್ರಶ್ನೆ ಕೇಳಿ ಏನು ಪ್ರಯೋಜನ?

ಉತ್ತರ: ಪ್ರಯೋಜನ ಇದೆ. ಆದರೆ ನೀವು ಕಳಿಸಿರುವ ಆ ಪ್ರಶ್ನೆಯ ಪ್ರತಿ ನೋಡಿ ನನಗೆ ನಿಜವಾಗಿ ಬೇಸರವಾಯಿತು. ಅದರಲ್ಲಿ ಹೀಗಿದೆ: ‘ಅ) ಜಿಲ್ಲೆಯಲ್ಲಿ ಕಾಡಾನೆ ಹಾವಳಿಯಿಂದ ರೈತರು ಸಂಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಇದಕ್ಕೆ ಉತ್ತರ ಬರೆಯಲು ಯಾವ ಕಡತವನ್ನೂ ತೆಗೆಯಬೇಕಾಗಿಲ್ಲ. ‘ಬಂದಿದೆ’ ಅಂದರೆ ಮೊದಲನೆಯದು ಮುಗಿಯಿತು. ‘ಕ್ರಮ ವಹಿಸಲಾಗುತ್ತಿದೆ’ ಅಂದರೆ ಎರಡನೆಯದೂ ಮುಗಿಯಿತು. ಗುಮಾಸ್ತರು ಹಿಂದಿನ ಅಧಿವೇಶನದ ಉತ್ತರ ತೆಗೆದು, ಇಸವಿ ಬದಲಿಸಿ ಕಳಿಸಿದರೂ ನಡೆಯುತ್ತದೆ.

ಇನ್ನೂ ಕೆಟ್ಟದ್ದು ಆ ‘ಬಂದಿದ್ದಲ್ಲಿ’. ನಮ್ಮಲ್ಲಿ ಪ್ರಶ್ನೆ ಬರೆಯುವವರಿಗೆ ಅದೊಂದು ಅಭ್ಯಾಸವಾಗಿಬಿಟ್ಟಿದೆ. ಇಲಾಖೆ ಮೊದಲ ಉಪಭಾಗಕ್ಕೆ ‘ಇಲ್ಲ’ ಎಂದು ಬರೆದರೆ ಸಾಕು, ಅದಕ್ಕೆ ನೇತುಹಾಕಿದ ಆ, ಇ, ಈ ಎಲ್ಲದರ ಮುಂದೆಯೂ ‘ಉದ್ಭವಿಸುವುದಿಲ್ಲ’ ಎಂದು ಬರುತ್ತದೆ. ಒಂದೇ ಪದಕ್ಕೆ ನಾಲ್ಕು ಉಪಪ್ರಶ್ನೆ ಬಿದ್ದುಹೋಗುತ್ತವೆ. ಹಾಗಾಗಿ ಪ್ರತಿ ಉಪಭಾಗವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ನಿಮ್ಮ ವಿಷಯಕ್ಕೆ ನಾನು ಬರೆದರೆ ಹೀಗೆ ಬರೆಯುತ್ತೇನೆ:

ಅ) ಸಕಲೇಶಪುರ, ಆಲೂರು ಮತ್ತು ಬೇಲೂರು ತಾಲ್ಲೂಕುಗಳಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಕಾಡಾನೆಯಿಂದ ಬೆಳೆಹಾನಿಯಾಗಿದೆ ಎಂದು ಲಿಖಿತವಾಗಿ ಹಾಗೂ ಆನ್‌ಲೈನ್‌ನಲ್ಲಿ ಸ್ವೀಕರಿಸಿದ ಅರ್ಜಿಗಳೆಷ್ಟು? (ಅರಣ್ಯ ವಲಯವಾರು, ವರ್ಷವಾರು ವಿವರ ನೀಡುವುದು)

ಆ) ಅವುಗಳಲ್ಲಿ ಪರಿಹಾರ ಪಾವತಿಸಿದ್ದು, ತಿರಸ್ಕರಿಸಿದ್ದು, ಬಾಕಿ ಇರುವುದು ಎಷ್ಟೆಷ್ಟು? ತಿರಸ್ಕರಿಸಲು ಕಾರಣಗಳೇನು?

ಇ) ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಬಾಕಿ ಇರುವ ಅರ್ಜಿಗಳು ಯಾವ ಹಂತದಲ್ಲಿ, ಯಾವ ಕಚೇರಿಯಲ್ಲಿ ಇವೆ?

ಈ) ಬಾಕಿ ಅರ್ಜಿಗಳಿಗೆ ಬೇಕಾದ ಮೊತ್ತವೆಷ್ಟು, ಈ ಸಾಲಿನಲ್ಲಿ ಬಿಡುಗಡೆಯಾದ ಅನುದಾನವೆಷ್ಟು, ಯಾವ ದಿನಾಂಕದೊಳಗೆ ಪಾವತಿಸಲಾಗುವುದು?

ಇದರಲ್ಲಿ ಕಷ್ಟ, ಸಂಕಟ, ಕಣ್ಣೀರು ಯಾವುದೂ ಇಲ್ಲ. ಇರಲೂಬಾರದು. ವಾದ, ಆರೋಪ, ವ್ಯಂಗ್ಯ ಇರುವ ಪ್ರಶ್ನೆಯನ್ನು, ಬರೀ ಅಭಿಪ್ರಾಯ ಕೇಳುವ ಪ್ರಶ್ನೆಯನ್ನು ವಿಧಾನಸಭೆಯ ಸಚಿವಾಲಯದಲ್ಲೇ ಬದಿಗಿಡಬಹುದು. ಕೋರ್ಟಿನಲ್ಲಿರುವ ವಿಷಯಕ್ಕೂ ಅದೇ ಗತಿ.

‘ಲಿಖಿತವಾಗಿ ಹಾಗೂ ಆನ್‌ಲೈನ್‌ನಲ್ಲಿ’ ಎಂದು ಎರಡನ್ನೂ ಸೇರಿಸಿದ್ದಕ್ಕೆ ಕಾರಣ ಇದೆ. ನೀವು ವಲಯ ಅರಣ್ಯ ಕಚೇರಿಗೆ ಕೈಬರಹದ ಅರ್ಜಿ ಕೊಟ್ಟಿರುತ್ತೀರಿ, ಪಹಣಿ, ಫೋಟೊ ಎಲ್ಲ ಲಗತ್ತಿಸಿರುತ್ತೀರಿ. ಅದನ್ನು ಕಂಪ್ಯೂಟರಿಗೆ ಏರಿಸದೆ ಇಟ್ಟಿದ್ದರೆ ಆನ್‌ಲೈನ್ ಲೆಕ್ಕದಲ್ಲಿ ಆ ಅರ್ಜಿ ಹುಟ್ಟಿಯೇ ಇಲ್ಲ. ‘ಬಾಕಿ ಇಲ್ಲ’ ಎಂದು ಬರುವ ಉತ್ತರ ಆ ಲೆಕ್ಕದ ಮಟ್ಟಿಗೆ ಸುಳ್ಳಲ್ಲ. ನಿಮ್ಮ ತೋಟದ ಮಟ್ಟಿಗೆ ಸುಳ್ಳು. ಅರ್ಜಿ ಕೊಟ್ಟಾಗ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ವಾಪಸ್ ಬರಬೇಡಿ ಎಂದು ನಾನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಮೂಲ ಪ್ರತಿಯನ್ನಂತೂ ಯಾರ ಕೈಗೂ ಕೊಡಬೇಡಿ. ಶಾಸಕರ ಆಪ್ತ ಸಹಾಯಕರಿಗೂ ಬೇಡ.

ಇನ್ನು ಉತ್ತರ ಬಂದ ಮೇಲೆ ಏನು ಓದುತ್ತೀರಿ? ಮೊದಲ ಪುಟ. ಪತ್ರಿಕೆಯವರು ಬರೆಯುವುದೂ ಅದನ್ನೇ. ಅಲ್ಲಿ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’ ಎಂದಿರುತ್ತದೆ. ನಿಮ್ಮ ಊರು ಇರುವುದು ಆ ಅನುಬಂಧದಲ್ಲಿ. ಉತ್ತರಗಳನ್ನು ವಿಧಾನಸಭೆಯ ಜಾಲತಾಣದಲ್ಲಿ ಹಾಕುತ್ತಾರೆ. ಅನುಬಂಧ ತೆಗೆದು ನಿಮ್ಮ ವಲಯದ ಸಾಲು ನೋಡಿ. ನಿಮ್ಮ ಊರಲ್ಲೇ ಮೂವತ್ತು ಸ್ವೀಕೃತಿ ಇದ್ದು, ಇಡೀ ವಲಯಕ್ಕೆ ಹನ್ನೆರಡು ಎಂದು ತೋರಿಸಿದ್ದರೆ ಅದಕ್ಕಿಂತ ದೊಡ್ಡ ಆಯುಧ ನಿಮಗೆ ಬೇಕಾಗಿಲ್ಲ. ಬೇಕೆಂದೇ ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು. ಅಧಿಕಾರಿಗಳು ಶಾಸಕರ ಕೂಗಾಟಕ್ಕೆ ಹೆದರುವುದಕ್ಕಿಂತ ಇದಕ್ಕೆ ಜಾಸ್ತಿ ಹೆದರುತ್ತಾರೆ. ಹಿಂದಿನ ವರ್ಷದ ಉತ್ತರವನ್ನೂ ಪಕ್ಕದಲ್ಲಿಟ್ಟು ಓದಿ. ಎರಡರಲ್ಲೂ ಒಂದೇ ವಾಕ್ಯ ಇದ್ದರೆ ಆ ವಾಕ್ಯವನ್ನೇ ಮುಂದಿನ ಪ್ರಶ್ನೆಯಲ್ಲಿ ಎತ್ತಿ ಕೇಳಿಸಿ: ಇಂಥ ದಿನ ಹೀಗೆ ಹೇಳಿದ್ದಿರಿ, ಆಮೇಲೆ ಏನಾಯಿತು?

‘ಪರಿಶೀಲಿಸಲಾಗುವುದು’, ‘ಕ್ರಮ ವಹಿಸಲಾಗುವುದು’ ಎಂದು ಮಂತ್ರಿ ಹೇಳಿದರೆ ಅದನ್ನು ಸುಮ್ನೆ ಬಿಡಬೇಡಿ. ಸದನದಲ್ಲಿ ಕೊಟ್ಟ ಮಾತಿನ ಬೆನ್ನು ಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಆ ಸಮಿತಿಗೆ ನಿಮ್ಮ ವಿಷಯ ಹೋಗಿದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ. ಹೀಗೆ ಕೇಳುವ ಮತದಾರರು ಬಹಳ ಕಡಿಮೆ. ಅದಕ್ಕೇ ಮಾತುಗಳು ಹಾಗೇ ಉಳಿಯುತ್ತವೆ.

ಚುಕ್ಕೆ ಗುರುತಿಲ್ಲದ ಪ್ರಶ್ನೆ ದಂಡ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ತಪ್ಪು ತಿಳಿವಳಿಕೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳುತ್ತಾರೆ, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಉತ್ತರ ಬರಹದಲ್ಲಷ್ಟೇ ಬರುತ್ತದೆ. ಆದರೆ ಪಟ್ಟಿಯಲ್ಲಿ ಕೆಳಗಿದ್ದರೆ ಸರದಿ ಬರುವ ಮೊದಲೇ ಪ್ರಶ್ನೋತ್ತರ ವೇಳೆ ಮುಗಿದುಹೋಗುತ್ತದೆ. ಲೆಕ್ಕ ಬೇಕಾದಾಗ ಲಿಖಿತ ಉತ್ತರವೇ ವಾಸಿ. ಲೆಕ್ಕ ಕೈಗೆ ಬಂದ ಮೇಲೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿ, ಆಗ ಉಪಪ್ರಶ್ನೆಗೆ ಬಲ ಬರುತ್ತದೆ. ದಿಢೀರ್ ನಡೆದ ಘಟನೆಗೆ ಇವೆರಡೂ ಅಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತಿತಲ್ಲ, ಅಂಥದ್ದಕ್ಕೆ ಗಮನ ಸೆಳೆಯುವ ಸೂಚನೆ, ಅಂದರೆ ತುರ್ತು ವಿಷಯವನ್ನು ಸದನದಲ್ಲಿ ಮಂತ್ರಿಯ ಗಮನಕ್ಕೆ ತರುವ ದಾರಿ, ಸರಿ. ಆನೆ ದಾಳಿಗೆ ಜನ ಸತ್ತಾಗಲೂ ಅದೇ. ವರ್ಷಗಟ್ಟಲೆ ಕೊಳೆಯುತ್ತಿರುವ ಅರ್ಜಿಗೆ ಮಾತ್ರ ಪ್ರಶ್ನೆಯೇ ಮದ್ದು.

ಇನ್ನೊಂದು. ಎಂಟು ಪುಟದ ಮನವಿಯನ್ನು ಯಾರೂ ಓದುವುದಿಲ್ಲ. ಅರ್ಧ ಪುಟ ಸಾಕು. ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಅಲ್ಲಿ ಸಿಕ್ಕ ಅಂಕಿ ಹಿಡಿದುಕೊಂಡು ಶಾಸಕರ ಹತ್ತಿರ ಹೋದರೆ ಅವರಿಗೂ ಕೆಲಸ ಸುಲಭ. ಅಧಿವೇಶನ ಶುರುವಾದ ಮೇಲೆ ಓಡಬೇಡಿ. ಪ್ರಶ್ನೆಗೆ ಮುಂಚಿತ ಸೂಚನೆ ಬೇಕು. ಅಷ್ಟು ಹೊತ್ತಿಗೆ ನಿಮ್ಮ ವಿಷಯದ ಇಲಾಖೆಯ ಪ್ರಶ್ನೆಗಳಿಗೆ ಗೊತ್ತುಮಾಡಿದ ದಿನ ದಾಟಿರುತ್ತದೆ.

ಪ್ರಶ್ನೆ: ಶಿರಾಡಿ ಘಾಟ್ ರಸ್ತೆ ಬಗ್ಗೆ ನಮ್ಮ ಎಂಎಲ್ಎ ಯಾಕೆ ಗಟ್ಟಿಯಾಗಿ ಕೇಳುವುದಿಲ್ಲ? ಮಳೆಗಾಲ ಬಂದರೆ ಭಯ.

ಉತ್ತರ: ಅದು ರಾಷ್ಟ್ರೀಯ ಹೆದ್ದಾರಿ 75, ಕೇಂದ್ರದ್ದು. ಸಂಸದರನ್ನು ಹಿಡಿಯಿರಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಲಿಖಿತ ಪ್ರಶ್ನೆ ಬರುತ್ತವೆ. ಜಾಗ ಇಲ್ಲ ಎಂಬ ನೆಪ ನಡೆಯುವುದಿಲ್ಲ. ರೈಲು, ಬಿಎಸ್‌ಎನ್‌ಎಲ್ ಟವರ್, ಕಾಫಿ ಮಂಡಳಿಯ ಸಹಾಯಧನ ಎಲ್ಲಕ್ಕೂ ಇದೇ ಉತ್ತರ. ಚಿಕ್ಕಮಗಳೂರಿನಿಂದ ಬಂದ ಕಾಫಿಯ ಪತ್ರಗಳಿಗೆ ಬೇರೆ ಬೇರೆಯಾಗಿ ಬರೆಯುವುದಿಲ್ಲ. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಕೈಕೆಳಗಿದೆ, ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆಯೂ ಆ ಮಂಡಳಿಯದೇ.

ಪ್ರಶ್ನೆ: ನಾವು ಕಡೂರಿನವರು. ನಮ್ಮ ಸಂಸದರು ಯಾರು ಎಂಬುದೇ ಗೊಂದಲ.

ಉತ್ತರ: ಜಿಲ್ಲೆ ಚಿಕ್ಕಮಗಳೂರಾದರೂ ಲೋಕಸಭೆಗೆ ಕಡೂರು ಹಾಸನ ಕ್ಷೇತ್ರದಲ್ಲಿದೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ ಸೇರಿವೆ. ಹಾಸನದ ಸಂಸದರಿಗೆ ಬರೆಯಿರಿ.

ಪ್ರಶ್ನೆ: ಎತ್ತಿನಹೊಳೆ ಯೋಜನೆ ಬಗ್ಗೆ ಯಾವ ಸದನದಲ್ಲಿ ಕೇಳಬೇಕು?

ಉತ್ತರ: ಎರಡೂ ಕಡೆ, ಆದರೆ ಬೇರೆ ಬೇರೆ ಪ್ರಶ್ನೆ. ಹಣ, ಕಾಮಗಾರಿ, ಭೂಮಿ ಕಳೆದುಕೊಂಡವರ ಪರಿಹಾರ ರಾಜ್ಯದ್ದು, ಜಲಸಂಪನ್ಮೂಲ ಇಲಾಖೆಗೆ ಕೇಳಬೇಕು. ಅರಣ್ಯ ಭೂಮಿಯ ಅನುಮತಿ ಕೇಂದ್ರದ್ದು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಅಲ್ಲಿಂದೀಚೆಗೆ ಎಷ್ಟು ದಿನ, ಎಷ್ಟು ನೀರು ಎತ್ತಲಾಗಿದೆ ಎಂದು ತಿಂಗಳವಾರು ಕೇಳಿಸಿ.

ಪ್ರಶ್ನೆ: ನಮ್ಮ ಶಾಸಕರು ರಾಜ್ಯದಲ್ಲೇ ಜಾಸ್ತಿ ಪ್ರಶ್ನೆ ಕೇಳಿದವರಂತೆ. ಒಳ್ಳೆಯ ಶಾಸಕರು ಎನ್ನಬಹುದಲ್ವಾ?

ಉತ್ತರ: ಎಣಿಸಬೇಡಿ, ಓದಿ.

ಪ್ರಶ್ನೆ: ನಮ್ಮ ಶಾಸಕರು ಮಂತ್ರಿಯಾದ ಮೇಲೆ ಒಂದೂ ಪ್ರಶ್ನೆ ಕೇಳಿಲ್ಲ.

ಉತ್ತರ: ಮಂತ್ರಿ ಉತ್ತರ ಕೊಡುವವರು, ಪ್ರಶ್ನೆ ಕೇಳುವವರಲ್ಲ. ವಿಧಾನ ಪರಿಷತ್ ಸದಸ್ಯರ ಹತ್ತಿರ ಹೋಗಿ, ಇಲ್ಲವೇ ಪಕ್ಕದ ಕ್ಷೇತ್ರದ ಶಾಸಕರ ಹತ್ತಿರ.

ಪ್ರಶ್ನೆ: ನಮ್ಮ ಬೀದಿ ದೀಪ ಮೂರು ತಿಂಗಳಿಂದ ಉರಿಯುತ್ತಿಲ್ಲ, ಸದನದಲ್ಲಿ ಕೇಳಿಸಬಹುದೇ?

ಉತ್ತರ: ಪಂಚಾಯಿತಿಗೆ ಹೋಗಿ. ಗ್ರಾಮಸಭೆ ಇರುವುದು ಇದಕ್ಕೇ.

ಪ್ರಶ್ನೆ: ಬೆಂಗಳೂರಿನಲ್ಲಿ ಪರಿಚಯ ಇರುವ ಒಬ್ಬರು ಹಣ ಕೊಟ್ಟರೆ ನಮ್ಮ ಪ್ರಶ್ನೆಯನ್ನು ಚುಕ್ಕೆ ಗುರುತಿನ ಪಟ್ಟಿಗೆ ಸೇರಿಸುತ್ತೇನೆ ಎನ್ನುತ್ತಾರೆ. ಊರಲ್ಲಿ ಚಂದಾ ಎತ್ತೋಣವೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅಧಿವೇಶನ ಹತ್ತಿರ ಬಂದಾಗಲೆಲ್ಲ ಇಂಥ ದಲ್ಲಾಳಿಗಳು ತಾಲ್ಲೂಕು ಕಚೇರಿ ಮುಂದೆ ಓಡಾಡುತ್ತಾರೆ. ನೊಂದ ಜನರ ಜೇಬಿಗೆ ಕೈ ಹಾಕುವ ಇವರನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ. ಪ್ರಶ್ನೆಗೆ ಸಹಿ ಹಾಕುವವರು ಸದಸ್ಯರು, ಒಪ್ಪುವುದು ಬಿಡುವುದು ಸಭಾಧ್ಯಕ್ಷರ ಅಧಿಕಾರ. ನಡುವೆ ಯಾರಿಗೂ ಕೆಲಸವಿಲ್ಲ. ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸಂಸತ್ತಿನಿಂದಲೇ ಉಚ್ಚಾಟಿಸಿದ್ದರು. ಆ ಮನುಷ್ಯ ಮತ್ತೆ ಬಂದರೆ ಏನು ಮಾಡಿಕೊಡುತ್ತೇನೆ ಎಂದು ಹೇಳಿದನೋ ಅದನ್ನು ಕಾಗದದಲ್ಲಿ ಬರೆದುಕೊಡಲು ಹೇಳಿ. ಬರೆದುಕೊಟ್ಟರೆ ಆ ಕಾಗದವನ್ನು ನೇರವಾಗಿ ನಿಮ್ಮ ಶಾಸಕರ ಕೈಗೇ ಕೊಡಿ, ಪೊಲೀಸರಿಗೂ ಒಂದು ಪ್ರತಿ ಕೊಡಿ.